ಕಡಗ ಹಾಕಿ ತೂಗಿದ ಮಗು

ವೈದ್ಯರು ನನ್ನ ಮಗಳ ಬಟ್ಟೆ ಬಿಚ್ಚಿಸಿ ತೂಕದ ತಟ್ಟೆಯಲ್ಲಿ ಮಲಗಿಸಿದರು. ಮುಳ್ಳು ಆರು ಕಿಲೋದ ಹತ್ತಿರ ನಿಂತಿತು. ಅವರ ಎಡಗೈಯಲ್ಲಿದ್ದ ಅಂಗನವಾಡಿ ಕಾರ್ಡಿನಲ್ಲಿ ಹಿಂದಿನ ತಿಂಗಳ ತೂಕ ಆರು ಕಿಲೋ ಆರುನೂರು ಗ್ರಾಂ ಎಂದಿತ್ತು.

"ಒಂದೇ ತಿಂಗಳಲ್ಲಿ ಆರುನೂರು ಗ್ರಾಂ ಇಳಿದಿದೆಯಲ್ಲಮ್ಮ. ಭೇದಿ ಆಗಿತ್ತಾ? ಜ್ವರ?"

"ಇಲ್ಲ ಡಾಕ್ಟ್ರೇ."

"ಮನೇಲಿ ಯಾರಿಗಾದ್ರೂ ಟಿ.ಬಿ.?"

ನನ್ನ ಪಕ್ಕದಲ್ಲಿ ನಿಂತಿದ್ದ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ತೊಂಬತ್ತರ ದಶಕದ ಕೊನೆಯ ಒಂದು ಡಿಸೆಂಬರ್. ನಾವು ಹೋಗಿದ್ದು ಒಂಬತ್ತನೇ ತಿಂಗಳ ದಡಾರದ ಚುಚ್ಚುಮದ್ದಿಗೆ, ತುಮಕೂರಿನ ಬಟವಾಡಿಯ ನಮ್ಮ ಬಾಡಿಗೆ ಮನೆಗೆ ಹತ್ತಿರವಿದ್ದ ಒಂದು ಕ್ಲಿನಿಕ್ಕಿಗೆ. ಬಾಣಂತನ ಮುಗಿಸಿ ಸಿ.ಎಸ್. ಪುರದ ತವರಿನಿಂದ ನಾನು ಬಂದು ಮೂರು ದಿನವಾಗಿತ್ತು. ಗಂಡ ಬೆಳಿಗ್ಗೆ ಆರಕ್ಕೇ ಸತ್ಯಮಂಗಲದ ಫ್ಯಾಕ್ಟರಿಗೆ ಹೋಗುತ್ತಿದ್ದರಿಂದ ಅತ್ತೆ ಕುಣಿಗಲ್ಲಿನಿಂದ ಬಂದು ಜೊತೆಗಿದ್ದರು.

ತೂಕ ಯಾಕೆ ಇಳಿದಿದೆ ಎಂಬುದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಊರಿನ ಅಂಗನವಾಡಿಯಲ್ಲಿ ಮಕ್ಕಳನ್ನು ಚಡ್ಡಿಯಂಥ ಜೋಳಿಗೆಯಲ್ಲಿ ಕೂರಿಸಿ, ತೊಲೆಗೆ ಕಟ್ಟಿದ ತಕ್ಕಡಿಗೆ ನೇತುಹಾಕಿ ತೂಗುತ್ತಿದ್ದರು. ಮೊದಲ ಸಲವೇ ನನ್ನ ಅಮ್ಮ ಅಡ್ಡ ಬಂದಿದ್ದಳು. "ಉಡುದಾರ ಬಿಚ್ಬ್ಯಾಡ ಟೀಚರಮ್ಮ, ಹೆಣ್ಣುಕೂಸಿಗೆ ಬರೀ ಸೊಂಟ ಆಗ್ತದೆ." ಟೀಚರಮ್ಮ ನಕ್ಕು ಬೆಳ್ಳಿಯ ಸಮೇತ ಬರೆದುಕೊಂಡರು. ಆರನೇ ತಿಂಗಳಿಗೆ ಅತ್ತೆ ಕಾಲಿಗೆ ದಪ್ಪನೆಯ ಬೆಳ್ಳಿ ಕಡಗ ತಂದು ಹಾಕಿದರು. ಮಗುವನ್ನು ಎತ್ತಿಕೊಂಡವರೇ, "ಏನಮ್ಮಿ, ಹಾಲು ಸಾಕಾಗ್ತಾ ಅದಾ? ನನ್ ಮಗ ಈ ವಯಸ್ಸಲ್ಲಿ ಎತ್ತಕ್ಕಾಗ್ತಿರ್ಲಿಲ್ಲ" ಎಂದರು. ನಾನು ಕಾರ್ಡು ತಂದು ತೋರಿಸಿದೆ. ಗೆರೆ ಏರುತ್ತಿತ್ತು. ಅತ್ತೆ ಸುಮ್ಮನಾದರು.

ಏಳನೇ ತಿಂಗಳಲ್ಲಿ ಮಾಡಿದ್ದನ್ನು ಪದ್ಧತಿಯ ತಲೆಗೆ ಕಟ್ಟಲಾರೆ. ನನ್ನಣ್ಣ ಕೊಡಿಸಿದ ಕೈಕಡಗದಿಂದ ಮಗಳು ಮುಖ ಗೀರಿಕೊಳ್ಳುತ್ತಾಳೆಂದು ಅದನ್ನು ತೆಗೆದಿಟ್ಟಿದ್ದೆ. ತೂಗುವ ದಿನ ಪೆಟ್ಟಿಗೆಯಿಂದ ತೆಗೆದು ಹಾಕಿದೆ. ಎಂಟನೇ ತಿಂಗಳಲ್ಲಿ ಚಳಿಯೆಂದು ಉಣ್ಣೆಯ ಸ್ವೆಟರನ್ನೂ ಹಾಕಿದೆ. ಅಷ್ಟೇನೂ ಚಳಿಯಿತ್ತೇ? ಗೊತ್ತಿಲ್ಲ. ಇತ್ತೆಂದು ಬರೆದುಕೊಳ್ಳುವುದು ನನಗೆ ಅನುಕೂಲ.

ತುಮಕೂರಿಗೆ ಹೊರಟಾಗ ಬಸ್ಸಿನಲ್ಲಿ ಕಳ್ಳರ ಭಯವೆಂದು ಅಮ್ಮ ಸೊಂಟಕ್ಕೊಂದು ಕರಿದಾರ ಕಟ್ಟಿ, ಬೆಳ್ಳಿಯನ್ನೆಲ್ಲ ಬಿಚ್ಚಿ ಸ್ವೆಟರಿನಲ್ಲಿ ಸುತ್ತಿಕೊಟ್ಟಳು. ಆ ಗಂಟು ಕ್ಲಿನಿಕ್ಕಿಗೆ ತಂದಿದ್ದ ಚೀಲದ ತಳದಲ್ಲೇ ಇತ್ತು.

ವೈದ್ಯರು ಚೀಟಿ ಬರೆಯುತ್ತಿದ್ದರು. ಎದೆಯ ಎಕ್ಸ್‌ರೇ, ರಕ್ತ, ಚರ್ಮದ ಪರೀಕ್ಷೆ. "ಅಡ್ಮಿಟ್ ಮಾಡ್ಬೇಕಾಗಬಹುದು" ಎಂದರು. ಸಿಸ್ಟರ್ ಬಂದು ಮಗಳ ತೋಳಿಗೆ ರಬ್ಬರ್ ಕಟ್ಟಿದರು. ಆಗಲೇ ನಾನು ಹೇಳಿದೆ ಎಂದು ಬರೆದರೆ ಎಷ್ಟು ಚೆನ್ನಾಗಿರುತ್ತದೆ. ಹೇಳಲಿಲ್ಲ. ನನ್ನ ತಲೆಯಲ್ಲಿದ್ದದ್ದು ಮಗಳಲ್ಲ, ಅತ್ತೆ. ನಿಜ ಹೇಳಿದರೆ ನನ್ನ ಹಾಲು ಸಾಲುತ್ತಿಲ್ಲವೆಂದು ಅವರೆದುರೇ ಒಪ್ಪಿಕೊಂಡಂತೆ. ಸೂಜಿ ಒಳಗೆ ಹೋಯಿತು. ನರ ಸಿಗಲಿಲ್ಲ. ಮಗಳು ಉಸಿರು ಕಟ್ಟಿ ನೀಲಿಯಾಗಿ, ಆಮೇಲೆ ಚೀರಿದಳು. ಸಿಸ್ಟರ್ ಇನ್ನೊಂದು ಕೈ ಹಿಡಿದರು.

"ಕಡಗ" ಎಂದೆ.

"ಏನು?"

"ತೂಕ ಇಳಿದಿಲ್ಲ ಡಾಕ್ಟ್ರೇ. ಕಡಗ, ಉಡುದಾರ ಎಲ್ಲಾ ಹಾಕಿ ತೂಗಿಸ್ತಿದ್ದೆ."

ಗಂಟನ್ನು ಚೀಲದಿಂದ ತೆಗೆದವರು ಅತ್ತೆ ಎಂದು ನನ್ನ ಗಂಡ ಈಗಲೂ ವಾದಿಸುತ್ತಾರೆ. ಅವರು ಅಲ್ಲಿರಲೇ ಇಲ್ಲ. ಆದರೂ ಅವರ ಕತೆ ನನ್ನದಕ್ಕಿಂತ ಅಚ್ಚುಕಟ್ಟಾಗಿದೆ. ನನಗೆ ನೆನಪಿರುವುದು ತಟ್ಟೆಗೆ ಬೆಳ್ಳಿ ಬಿದ್ದ ಸದ್ದು ಮಾತ್ರ. ಯಾರ ಕೈಯೋ ಕಾಣುವುದಿಲ್ಲ.

ವೈದ್ಯರು ಬೈಯಲಿಲ್ಲ. "ಮಗೂನ್ನ ತೂಗಿ ಅಂದ್ರೆ ಅಕ್ಕಸಾಲಿ ಅಂಗಡೀನೇ ತೂಗ್ಸಿದೀರಲ್ಲಮ್ಮ" ಎಂದು ಸ್ವೆಟರನ್ನೂ ತಟ್ಟೆಗೆ ಹಾಕಿದರು. ಎಲ್ಲ ಸೇರಿ ಆರುನೂರು ಗ್ರಾಂ. ನನಗೆ ಜೀವ ಬಂದಂತಾಯಿತು. ಆದರೆ ಅವರು ಪೆನ್ಸಿಲು ಹಿಡಿದು, ಯಾವ ತಿಂಗಳು ಏನೇನು ಹಾಕಿದ್ದಿರಿ ಎಂದು ಒಂದೊಂದಾಗಿ ಕೇಳಿ, ಕಳೆದು, ಕಾರ್ಡಿನ ಮೇಲೆ ಹೊಸ ಚುಕ್ಕಿಗಳನ್ನಿಟ್ಟು ಸೇರಿಸಿದರು. ಐದನೇ ತಿಂಗಳಿಂದ ಆಚೆಗೆ ಗೆರೆ ನೇರ ಮಲಗಿತ್ತು.

"ಇಳಿದಿಲ್ಲ, ಸರಿ. ಆದ್ರೆ ನಾಲ್ಕು ತಿಂಗಳಿಂದ ಏರೇ ಇಲ್ಲ. ಕಾರ್ಡ್ ಸರಿಯಾಗಿದ್ದಿದ್ರೆ ನಿಮ್ಮ ಟೀಚರ್ ಆಗಲೇ ನಿಮ್ಮನ್ನ ಡಾಕ್ಟ್ರ ಹತ್ರ ಕಳಿಸ್ತಿದ್ರು. ಊಟ ಏನು ಕೊಡ್ತೀರಾ?"

"ಹಾಲು... ದಿನಕ್ಕೊಂದ್ಸಲ ತೆಳ್ಳಗೆ ರಾಗಿ ಸರಿ."

"ಒಂಬತ್ತು ತಿಂಗಳ ಮಗುಗೆ ಅಷ್ಟೇನಾ?"

ಎಕ್ಸ್‌ರೇ ಸದ್ಯಕ್ಕೆ ಬೇಡವೆಂದರು. ರಕ್ತ ಬೇಕೇ ಬೇಕೆಂದರು, ಎರಡನೇ ಕೈಯಿಂದ ತೆಗೆದರು. ದಡಾರದ ಚುಚ್ಚುಮದ್ದೂ ಆಯಿತು. ಗಟ್ಟಿ ಸರಿಗೆ ತುಪ್ಪ, ಬೇಳೆ ಹಿಸುಕಿದ ಅನ್ನ, ಬಾಳೆಹಣ್ಣು, ದಿನಕ್ಕೆ ನಾಲ್ಕು ಸಲ. ಒಂದು ತಿಂಗಳಲ್ಲಿ ತೂಕ ಏರದಿದ್ದರೆ ಆಸ್ಪತ್ರೆಗೆ ಸೇರಿಸಬೇಕು.

ಆಟೋ ಹತ್ತಿದ ಮೇಲೆ ಅತ್ತೆ ಹೊರಗೆ ನೋಡುತ್ತಲೇ ಅಂದರು: "ನನ್ ಬಾಯಿಗೆ ಹೆದ್ರಿ ಮಗೀನ ಹೊಟ್ಟೆ ಒಣಗಿಸ್ತಿದ್ದಲ್ಲಮ್ಮಿ, ನಾನೇನು ರಾಕ್ಷಸೀನಾ?"

ನನಗೆ ಹೌದು ಎನ್ನುವಷ್ಟು ಸಿಟ್ಟೂ ಇತ್ತು, ಅಲ್ಲ ಎನ್ನುವಷ್ಟು ನಾಚಿಕೆಯೂ ಇತ್ತು.

ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಎಂದು ಬಂತು, ಹನಿ ಔಷಧಿ ಕೊಟ್ಟರು. ಆ ತಿಂಗಳು ನಮ್ಮ ಮನೆಯಲ್ಲಿ ಮೂರು ಜನ ದೊಡ್ಡವರು ಒಂದು ಚಮಚವನ್ನೇ ನೋಡುತ್ತ ಕೂತೆವು. ಮಗಳು ನುಂಗಿದರೆ ಅತ್ತೆಯೂ ನುಂಗುತ್ತಿದ್ದರು; ಉಗಿದರೆ "ಕಲ್ಸೋದ್ ಹಿಂಗಾ?" ಎಂದು ಬಟ್ಟಲು ಕಿತ್ತುಕೊಳ್ಳುತ್ತಿದ್ದರು. ಒಂದು ದಿನ ತಡೆಯಲಾರದೆ ಬೀದಿ ಕೊನೆಯ ಅಂಗಡಿಗೆ ಮಗಳನ್ನು ಎತ್ತಿಕೊಂಡು ಹೋದೆ. ಅಂಗಡಿಯವರು ಗಾಬರಿಯಾಗಿ, "ಈರುಳ್ಳಿ ತಕ್ಕಡೀಲಿ ಕೂಸಿನ್ ತೂಗ್ತಾರೇನಮ್ಮ? ದೃಷ್ಟಿ ಆಗ್ತದೆ, ನಡೀರಿ" ಎಂದು ಕಳಿಸಿದರು.

ತಿಂಗಳು ತುಂಬಿದ ದಿನ ಮತ್ತೆ ಅದೇ ಕ್ಲಿನಿಕ್. ತಣ್ಣನೆಯ ತಟ್ಟೆ ಬೆನ್ನಿಗೆ ತಾಗಿದ್ದೇ ಮಗಳು ಕಾಲು ಬಡಿಯತೊಡಗಿದಳು. ಮುಳ್ಳು ಏಳಕ್ಕೆ ಹಾರಿತು, ಐದಕ್ಕೆ ಬಿತ್ತು, ಅಲುಗಾಡುತ್ತಲೇ ಇತ್ತು. ನಾನು ಮೇಜಿನ ಅಂಚನ್ನು ಹಿಡಿದುಕೊಂಡಿದ್ದೆ.

"ಆರು ಮುನ್ನೂರು" ಎಂದರು ವೈದ್ಯರು. "ಅಡ್ಮಿಷನ್ ಬೇಡ."

"ಇನ್ನೊಂದ್ಸಲ ತೂಗಿ ಸ್ವಾಮಿ" ಎಂದರು ಅತ್ತೆ. "ಒದೀತಿತ್ತು ಕೂಸು. ಸರ್ಯಾಗ್ ತೂಗಿ."

ವೈದ್ಯರು ಮತ್ತೆ ಮಲಗಿಸಿದರು. ಈ ಸಲ ಮಗಳು ಸುಮ್ಮನೆ ಚಾವಣಿಯ ಫ್ಯಾನು ನೋಡುತ್ತಿದ್ದಳು.

"ಆರು ಇನ್ನೂರೈವತ್ತು. ಪರವಾಗಿಲ್ಲಮ್ಮ, ಏರಿದೆ."

ಹೋದ ಐವತ್ತು ಗ್ರಾಂ ನನ್ನ ಕೈಯಿಂದಲೇ ಎಲ್ಲೋ ಬಿದ್ದುಹೋಯಿತೇನೋ ಎಂಬಂತೆ ಅತ್ತೆ ನನ್ನ ಕಡೆ ನೋಡಿದರು.