ನೀ ಕಡಿ, ನಾ ಕೇಳ್ತೀನಿ

ನಮ್ಮ ಅತ್ತೆಯ ಬಾಯಲ್ಲಿ ಹಲ್ಲುಗಳಿರಲಿಲ್ಲ. ನಾನು ಮದುವೆಯಾಗಿ ಮಸ್ಕಿಯ ಈ ಮನೆಗೆ ಬರುವ ಹೊತ್ತಿಗೇ ಕೆಳಸಾಲಿನಲ್ಲಿ ಒಂದು ಕೋರೆಹಲ್ಲು ಮಾತ್ರ ಉಳಿದಿತ್ತು. ನಗುವಾಗ ಅದನ್ನು ಸೆರಗಿನಿಂದ ಮರೆಮಾಡುತ್ತಿದ್ದರು. ಕೆಲವು ದಿನಗಳಲ್ಲಿ ಅದೂ ಬಿತ್ತು. ಆಮೇಲೆ ಮರೆಮಾಡುವ ಗೋಜೇ ಇಲ್ಲದೆ ಬಾಯಿ ತುಂಬ ನಗತೊಡಗಿದರು. ಅಂಥ ಬಾಯಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಗರಿಗರಿಯಾಗಿ ಕರಿದ ಟೊಮೆಟೊ ಕಾಯಿ. ಅದನ್ನು ಅವರಿಗೆ ಕಡಿಯಲಾಗುತ್ತಿರಲಿಲ್ಲ. ಕೇಳುತ್ತಿದ್ದರು.

ಕರಿದದ್ದು ಬುಟ್ಟಿಗೆ ಬಿದ್ದ ಕೂಡಲೇ ಮನೆಯಲ್ಲಿ ಯಾರಿದ್ದರೂ ಒಬ್ಬರನ್ನು ಎದುರಿಗೆ ಕೂರಿಸಿಕೊಳ್ಳುವರು. ಬಲಗಿವಿಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿ, ತಲೆಯನ್ನು ತುಸು ವಾಲಿಸಿ, "ನೀ ಕಡಿ, ನಾ ಕೇಳ್ತೀನಿ" ಅನ್ನುವರು. ಕರುಂ ಎಂಬ ಸಪ್ಪಳ ಬಂದರೆ ಕಣ್ಣು ಮುಚ್ಚಿ ತಲೆಯಾಡಿಸುವರು. ತಾವು ಮಾತ್ರ ಒಂದನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ಒಸಡಿನಲ್ಲಿ ಹಿಸುಕಿ ತಿನ್ನುತ್ತಿದ್ದರು.

ನನ್ನ ಗಂಡ ನೋಡುವಷ್ಟು ನೋಡಿ ಅವರನ್ನು ಲಿಂಗಸುಗೂರಿಗೆ ಕರೆದುಕೊಂಡು ಹೋಗಿ ಹಲ್ಲಿನ ಸೆಟ್ ಕಟ್ಟಿಸಿಕೊಂಡು ಬಂದರು. ಮನೆಗೆ ಬಂದವರೇ ಅತ್ತೆ ಹಲ್ಲು ಹಾಕಿಕೊಂಡು ಕರಿದ ಕಾಯಿಯ ಒಂದು ಬಿಲ್ಲೆ ಕಡಿದರು. ಇನ್ನೊಮ್ಮೆ ಕಡಿದರು. ಆಮೇಲೆ ಸೆಟ್ ತೆಗೆದು ಡಬ್ಬಿಯಲ್ಲಿಟ್ಟು, "ನನ್ನ ಬಾಯಾಗಿನ ಸಪ್ಪಳ ನನಗ ಸೇರವಲ್ದು. ನೀವು ತಿನ್ರಿ" ಎಂದರು. ಆ ಡಬ್ಬಿ ಇವತ್ತಿಗೂ ಗೋಡೆಯ ಗೂಡಿನಲ್ಲಿದೆ.

ಅತ್ತೆಯ ತವರು ಪಾಮನಕಲ್ಲೂರು, ಮಳೆ ನಂಬಿದ ಊರು. "ಹಣ್ಣಾಗೂತನಕ ಕಾಯಾಕ ನಮ್ಮಲ್ಲಿ ನೀರೆಲ್ಲಿತ್ತವಾ? ಗಿಡ ಒಣಗೂದರಾಗ ಕಾಯಿ ಹರಕೊಂಡು ತಿಂದ್ವಿ" ಎನ್ನುತ್ತಿದ್ದರು. ನನ್ನ ತವರು ಜವಳಗೇರಾ. ಕಾಲುವೆ ನೀರು, ಕಣ್ಣು ಹಾಯಿಸಿದಲ್ಲೆಲ್ಲ ಭತ್ತ. ಹಾಗಾಗಿ ಅವರು ನನ್ನ ಹೆಸರು ಹಿಡಿದು ಕರೆದದ್ದು ಕಡಿಮೆ. "ಏ ನೀರಾವರಿಯಾಕಿ" ಎಂದರೆ ಅದು ನಾನೇ.

ನಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ಟೊಮೆಟೊ ಗಿಡಗಳು ತಾವಾಗಿಯೇ ಹುಟ್ಟುತ್ತವೆ. ಆದರೆ ಅಲ್ಲಿ ಒಂದು ಕಾಯಿಯೂ ಕೆಂಪಾದದ್ದನ್ನು ನಾನು ಕಂಡಿರಲಿಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿ, ಕಲ್ಲಿನಂತೆ ಗಟ್ಟಿ ಇರುವಾಗಲೇ ಅತ್ತೆ ಕಿತ್ತುಬಿಡುತ್ತಿದ್ದರು. ಸಾರಿಗೆ ಹಣ್ಣು ಬೇಕಾದರೆ ನನ್ನ ಗಂಡ ಕೆಲಸ ಮುಗಿಸಿ ಬರುವಾಗ ಸಿಂಧನೂರಿನ ಬಜಾರಿನಿಂದ ತರಬೇಕು.

"ಹಿತ್ತಲದಾಗ ಗಿಡ ಇಟಗೊಂಡು ಸಿಂಧನೂರಾಗ ಟಮಾಟಿ ಕೊಳ್ಳಾಕತ್ತೀನಿ ನೋಡಬೇ ಅವ್ವ."

"ಕೊಳ್ಳು. ಹಣ್ಣು ಎಲ್ಲಾ ಕಡೀ ಸಿಗತಾವ. ಕಾಯಿ ಯಾರು ಮಾರ್ತಾರ?"

ಮೊದಲ ಸಲ ನಾನು ಕರಿದಾಗ ಮಿರ್ಚಿಗೆ ಕಲಸುವ ಹಾಗೆ ಕಡಲೆ ಹಿಟ್ಟನ್ನು ದಪ್ಪಗೆ ಕಲಸಿದ್ದೆ. ಬಣ್ಣವೇನೋ ಚೆನ್ನಾಗಿ ಬಂತು. ಬಿಸಿ ಆರದಿರಲಿ, ಯಾರ ಕಣ್ಣೂ ಬೀಳದಿರಲಿ ಎಂದು ತವರಿನ ರೂಢಿಯಂತೆ ಮೇಲೊಂದು ತಾಟು ಮುಚ್ಚಿಟ್ಟೆ. ಅತ್ತೆ ನನ್ನನ್ನೇ ಎದುರಿಗೆ ಕೂರಿಸಿಕೊಂಡರು. ಕಡಿದೆ.

"ಕಡಿದೇನು?"

"ಹೂಂರಿ ಅತ್ತಿ."

"ನನಗ ಕೇಳಲಿಲ್ಲ. ಇನ್ನೊಂದು ಕಡಿ."

ಇನ್ನೊಂದು ಕಡಿದೆ.

"ಹತ್ತಿ ಅರಳಿ ತಿಂದಂಗ ಆತಲ್ಲಬೇ. ನೀರಾವರಿ ಮಂದಿ ಕೈಯಾಗ ಎಲ್ಲಾ ಮೆತ್ತಗ."

ಮರುದಿನ ಪಕ್ಕದಲ್ಲಿ ಕೂತು ಕಲಿಸಿದರು. ಕಾಯಿಯನ್ನು ಬಳೆಯಷ್ಟು ದಪ್ಪಕ್ಕೆ ಕೊಯ್ಯಬೇಕು. ಉಪ್ಪು ಸವರಿ ಹಳೆಯ ಧೋತರದ ಮೇಲೆ ಹರವಬೇಕು. ಸ್ವಲ್ಪ ಹೊತ್ತಿಗೆ ಬಿಲ್ಲೆಗಳ ಮೇಲೆಲ್ಲ ನೀರು ಹನಿಯೊಡೆಯುತ್ತದೆ. "ಗಡಬಡಿ ಮಾಡಬ್ಯಾಡ. ಅವು ಅತ್ತು ಮುಗಸಲಿ. ಕಣ್ಣೀರು ಒರಸಿದ ಮ್ಯಾಗ ಮುಂದಿನ ಕೆಲಸ." ಒರೆಸಿದ ಬಿಲ್ಲೆಯನ್ನು ತೆಳುವಾಗಿ ಕಲಸಿದ ಕಡಲೆ ಹಿಟ್ಟಿನಲ್ಲಿ ಅದ್ದಿ, ಖಾರದ ಪುಡಿ ಮತ್ತು ಅಜವಾನ ಬೆರೆಸಿದ ಜೋಳದ ಸಣ್ಣ ನುಚ್ಚಿನಲ್ಲಿ ಎರಡೂ ಕಡೆ ಒತ್ತಬೇಕು. ಆ ನುಚ್ಚೇ ಗರಿಗರಿಯ ಗುಟ್ಟು. ಅದು ಅವರ ತವರಿನ ಬಿಳಿಜೋಳದ್ದೇ ಆಗಬೇಕು.

ಬೆಂದದ್ದನ್ನು ತಿಳಿಯುವ ಬಗೆ ಮಾತ್ರ ಅವರೊಬ್ಬರದೇ. ಎಲ್ಲರೂ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ನೋಡುತ್ತಾರೆ. ಅವರಿಗೆ ಆ ದಾರಿ ಇರಲಿಲ್ಲ. ಬಾಣಲೆಯತ್ತ ಕಿವಿ ಕೊಟ್ಟು ಕೂರುತ್ತಿದ್ದರು. "ಎಣ್ಣಿ ಒದರೂತನಕ ಒಳಗ ನೀರು ಐತಿ ಅಂತ ತಿಳಕೋ. ಅದು ದನಿ ಇಳಸಿದ ಮ್ಯಾಗ ತೆಗಿ." ತೆಗೆದ ಮೇಲೆ ಸೌಟಿನ ಅಂಚಿಗೆ ಬಿಲ್ಲೆಯನ್ನು ಮೆಲ್ಲಗೆ ಬಡಿಯುವರು. ಟಪ್ ಎಂದರೆ ಮತ್ತೆ ಎಣ್ಣೆಗೆ. ಟಕ್ ಎಂದರೆ ಬುಟ್ಟಿಗೆ. "ಮುಚ್ಚಬ್ಯಾಡ. ಮುಚ್ಚಿದ್ರ ಬೆವೀತಾವ."

ಅಷ್ಟು ವರ್ಷ ಕರಿದರೂ ನನ್ನದು ಸರಿಯಾಯಿತು ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಹಾಸಿಗೆ ಹಿಡಿದ ಮೇಲೂ ಅಡುಗೆಮನೆಯತ್ತ ಕಿವಿ ಇಟ್ಟು, ನಾನು ಸೌಟಿಗೆ ಬಡಿದರೆ ಅಲ್ಲಿಂದಲೇ "ಇನ್ನೀಟು" ಎನ್ನುತ್ತಿದ್ದರು. ಇನ್ನಿಷ್ಟು ಬೇಯಲಿ ಎಂದು. ಈ ಬೇಸಿಗೆಯಲ್ಲಿ ಹೋದರು. ಹಿತ್ತಲಿನ ಗಿಡಗಳೂ ಆ ಬಿಸಿಲಿಗೆ ಒಣಗಿದವು. ಮಳೆ ಬಿದ್ದ ಮೇಲೆ ಅದೇ ಕಲ್ಲಿನ ಬುಡದಲ್ಲಿ ಹೊಸ ಸಸಿಗಳು ಎದ್ದವು.

ಆಮೇಲೆ ಹಿರಿಯರ ಹಬ್ಬ ಬಂತು. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡುವ ದಿನ. ಅತ್ತೆಗೆ ಅದು ಮೊದಲ ಎಡೆ. ಅವರ ಕಿವಿಗೆ ಎಂದೂ ಸರಿಬಾರದ ಕೈಯಿಂದಲೇ ಅದಾಗಬೇಕಿತ್ತು. ಎಡೆಗೆ ಇಡುವ ಅಡುಗೆಯನ್ನು ಮೊದಲು ಯಾರೂ ಬಾಯಿಗೆ ಹಾಕುವಂತಿಲ್ಲ. ಉಪ್ಪು ಖಾರ ಕೂಡ ಅಂದಾಜಿನ ಮೇಲೆಯೇ. ಮಾಡಿದ್ದನ್ನೆಲ್ಲ ಪೂಜೆಯ ತನಕ ಮುಚ್ಚಿಡಬೇಕು. ಮುಚ್ಚಿದರೆ ಟೊಮೆಟೊ ಕಾಯಿಯ ಗತಿ ಏನೆಂದು ನನಗೆ ಗೊತ್ತಿತ್ತು.

ಲಿಂಗಸುಗೂರಿಗೆ ಕೊಟ್ಟ ನಾದಿನಿ ಹಿಂದಿನ ದಿನವೇ ಬಂದಿದ್ದರು. ನನಗಿಂತ ಹಿರಿಯರು, ನಾನು ಅಕ್ಕ ಎಂದೇ ಕರೆಯುವುದು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಲ್ಲ ಮುಚ್ಚಿಟ್ಟ ಮೇಲೆ ಕೇಳಿದರು.

"ಟಮಾಟಿ ಕಾಯಿ ಎಲ್ಲಿ?"

"ಅವನ್ನ ಕಡಿಗೆ ಕರೀತೀನ್ರಿ ಅಕ್ಕಾ. ಎಡಿ ತುಂಬಿದ ಮ್ಯಾಗ."

"ಎಡಿ ತುಂಬಿ ಒಲಿ ಮುಂದ ಕುಂಡ್ರತೀಯೇನು? ಹಿರೇರನ್ನ ಕಾಯಸ್ತಾರೇನ ಯಾರರ? ಅವ್ವಗ ಸಪ್ಪಳ ಆದ್ರ ಆತು. ಹಪ್ಪಳ ಇಡು."

"ಹಪ್ಪಳಕ್ಕ ಅತ್ತಿ ಕಿವಿ ಕೊಡ್ತಿದ್ದಿಲ್ರಿ. ಕಾಯ್ತಾರ ಬಿಡ್ರಿ. ಮೆತ್ತಗಿದ್ದು ಇಟ್ರ ಎದ್ದು ಹೋಗ್ತಾರ."

ಅಕ್ಕನಿಗೆ ನಗು ಬಂತು. ತಡೆದುಕೊಂಡರು. "ಹಂಗಾರ ಆ ಹಲ್ಲಿನ ಡಬ್ಬಿನೂ ಇಟ್ಟುಬಿಡೂಣು" ಎಂದು ಹೊರಗೆ ಹೋದರು.

ನಾನು ಧೋತರದ ಮೇಲೆ ಬಿಲ್ಲೆಗಳನ್ನು ಹರವಿ ಅವುಗಳ ಮುಂದೆ ಕೂತೆ. ಅತ್ತೆ ಹೋದಾಗ ಬಂದವರಿಗೆ ಅಡುಗೆ, ನೀರು, ಹಾಸಿಗೆ ಎಂದು ಓಡಾಡಿ ಅಳಲು ಸರಿಯಾಗಿ ಪುರುಸೊತ್ತು ಸಿಕ್ಕಿರಲಿಲ್ಲ. ಆ ದಿನ ಅಡುಗೆಮನೆಯಲ್ಲಿ ನಾನೊಬ್ಬಳೇ ಇದ್ದೆ. ಬಿಲ್ಲೆಗಳದು ಮುಗಿಯುವ ಹೊತ್ತಿಗೆ ನನ್ನದೂ ಮುಗಿಯಿತು. ಎರಡನ್ನೂ ಒರೆಸಿದೆ.

ಪಡಸಾಲೆಯಲ್ಲಿ ಅತ್ತೆಯೆಂದು ಇಟ್ಟ ತಂಬಿಗೆಗೆ ಹೊಸ ಸೀರೆ ಉಡಿಸಿ, ಎಡೆ ತುಂಬಿ, ಎಲ್ಲರೂ ಕಾಯುತ್ತಿದ್ದರು. ಗಂಡ ಕರ್ಪೂರ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತರು. "ಆತೇನು?" ಎಂದರು. ನಾನು ಬಾಣಲೆಯತ್ತ ಕಿವಿ ಕೊಟ್ಟಿದ್ದೆ. ಎಣ್ಣೆ ಇನ್ನೂ ಒದರುತ್ತಿತ್ತು. ಬಣ್ಣ ಬಂದಿತ್ತು, ಕೈ ಸೌಟಿಗೆ ಹೋಗುತ್ತಿತ್ತು. ತಡೆದೆ. ದನಿ ಇಳಿಯಿತು. ತೆಗೆದು ಸೌಟಿನ ಅಂಚಿಗೆ ಬಡಿದೆ. ಟಪ್. ಒಳಗಿನ ಕೋಣೆಯಿಂದ "ಇನ್ನೀಟು" ಎನ್ನುವವರಿಲ್ಲ. ನಾನೇ ಅಂದುಕೊಂಡು ಮತ್ತೆ ಎಣ್ಣೆಗೆ ಬಿಟ್ಟೆ. ಹೊರಗೆ ಯಾರೋ ಕೆಮ್ಮಿದರು. ಅಕ್ಕ ನನ್ನ ಹೆಸರು ಹಿಡಿದು ಕೂಗಿದರು. ಮತ್ತೆ ತೆಗೆದು ಬಡಿದೆ.

ಟಕ್.

ಬುಟ್ಟಿಗೂ ಹಾಕದೆ, ಮುಚ್ಚದೆ, ಬಾಣಲೆಯಿಂದ ನೇರ ಎಡೆಗೆ ಒಯ್ದು ಇಟ್ಟೆ. ಗಂಡ ಕರ್ಪೂರ ಬೆಳಗಿದರು. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಎಲ್ಲರೂ ಅಂಗಳದಲ್ಲಿ ನಿಂತೆವು. ಬಾಗಿಲಿನ ಆ ಕಡೆ ಅವು ಮೆತ್ತಗಾಗುತ್ತಿರಬಹುದೇ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಬಾಗಿಲು ತೆಗೆದ ಮೇಲೆ ಮಗಳೆಂದು ಅಕ್ಕನಿಗೇ ಮೊದಲು ಪ್ರಸಾದ ಕೊಟ್ಟೆವು. ಅವರು ಹೋಳಿಗೆ ಬಿಟ್ಟು ಟೊಮೆಟೊ ಬಿಲ್ಲೆಯನ್ನೇ ಎತ್ತಿಕೊಂಡರು. ಕಡಿದರು. ಆ ಸಪ್ಪಳಕ್ಕೆ ಅಂಗಳದಲ್ಲಿದ್ದ ನನ್ನ ಗಂಡ ತಿರುಗಿ ನೋಡಿದರು.

ಅಕ್ಕ ಇನ್ನೊಂದು ಬಿಲ್ಲೆಯನ್ನು ನನ್ನ ಕೈಗೆ ಕೊಟ್ಟು, ಎದುರಿಗೆ ಕೂತು, ಬಲಗಿವಿಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿದರು. ತಲೆ ತುಸು ವಾಲಿತು.

"ನೀ ಕಡಿ" ಎಂದರು. "ನಾ ಕೇಳ್ತೀನಿ."

ಕಡಿದೆ. ಅಕ್ಕ ಕಣ್ಣು ಮುಚ್ಚಿ ತಲೆಯಾಡಿಸಿದರು.

ಗಂಡ ಈಗಲೂ ಟೊಮೆಟೊ ಹಣ್ಣನ್ನು ಸಿಂಧನೂರಿನಿಂದಲೇ ತರುತ್ತಾರೆ. ನಮ್ಮ ಹಿತ್ತಲಲ್ಲಿ ಒಂದನ್ನೂ ಕೆಂಪಾಗಲು ನಾನು ಬಿಡುವುದಿಲ್ಲ.