ಕಪ್ಪು ಚುಕ್ಕೆಗಳ ಪಕ್ಷ ವಹಿಸಿದವಳು

ಹೊಗಳಿಕೆಗೆ ಹಿಗ್ಗದವಳು, ಗದರಿಕೆಗೆ ಕುಗ್ಗದವಳು, ಸೋಮವಾರದ ಉಪವಾಸವನ್ನು ಬಸ್ಸಿನಲ್ಲಿದ್ದರೂ ಬಿಡದವಳು, ಪರರ ತಪ್ಪನ್ನು ಮರೆತು ತನ್ನದನ್ನು ಮರೆಯದವಳು, ಯಜಮಾನನೆದುರು ತಲೆಯ ಸೆರಗನ್ನು ಜಾರಗೊಡದಂತೆಯೇ ದನಿಯನ್ನೂ ತಗ್ಗಿಸದವಳು: ಇಂಥವಳೊಬ್ಬಳು ಮಾನ್ವಿಯಲ್ಲಿದ್ದಾಳೆ. ಹೆಸರು ಚನ್ನಮಲ್ಲಮ್ಮ. ಗಂಡ ಈರಯ್ಯ ಅಕ್ಕಿಗಿರಣಿಯ ಹಮಾಲ, ಹೆಣ್ಣುಮಕ್ಕಳು ಇಬ್ಬರು.

ಸಾವಿರದ ಒಂಬೈನೂರ ಎಂಬತ್ತಮೂರರಲ್ಲಿ ಆಕೆ ದಿನವೂ ರಾಯಚೂರಿಗೆ ಬಂದು ಅಯ್ಯಪ್ಪನ ಫೋಟೋ ಸ್ಟುಡಿಯೋದಲ್ಲಿ ದುಡಿಯುತ್ತಿದ್ದಳು. ಫಿಲ್ಮಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಪಟದ ಮೇಲೆ ಕಪ್ಪು ಚುಕ್ಕೆ ಮೂಡುತ್ತದೆ. ಅದನ್ನು ಬ್ಲೇಡಿನ ತುದಿಯಿಂದ ಮೆಲ್ಲನೆ ಕೆರೆದು ತೆಗೆಯುವುದು ಅವಳ ಕೆಲಸ. ಎಷ್ಟೋ ಮದುಮಕ್ಕಳ ಗಲ್ಲದ ಕಲೆಗಳು ಆ ಕೈಯಲ್ಲಿ ಮಾಯವಾಗಿದ್ದವು.

ಅದೇ ಸ್ಟುಡಿಯೋಕ್ಕೆ ಕಣ್ಣಿನ ಆಸ್ಪತ್ರೆಯೊಂದರ ಫಿಲ್ಮುಗಳೂ ಬರತೊಡಗಿದವು. ಹಸಿರು ಗಾಜಿನ ಬೆಳಕಿನಲ್ಲಿ ಕಣ್ಣಿನ ಹಿಂಗೋಡೆಯ ಚಿತ್ರ ತೆಗೆದರೆ ಕೂದಲಿಗಿಂತ ಸಣ್ಣ ರಕ್ತನಾಳಗಳೂ ಕಪ್ಪಾಗಿ ಎದ್ದು ಕಾಣುತ್ತವೆ. ಸೂಜಿ ಬೇಡ, ಕತ್ತರಿ ಬೇಡ. ದೇವದುರ್ಗದ ದಾವಲ್ ಬೀ ಎಂಬ ಹೊಲಿಗೆಯವಳಿಗೆ ಇದೊಂದೇ ದಾರಿಯಾಗಿತ್ತು. ಸಕ್ಕರೆ ಕಾಯಿಲೆಯಿಂದ ಎಡಗಣ್ಣು ಆಗಲೇ ಹೋಗಿತ್ತು. ಕಣ್ಣಿನ ನಾಳ ನೋಡಲೆಂದು ಬಣ್ಣದ ಔಷಧವನ್ನು ನರಕ್ಕೆ ಚುಚ್ಚಿದಾಗ ಒಮ್ಮೆ ಎಚ್ಚರ ತಪ್ಪಿ ಬಿದ್ದಿದ್ದ ಆಕೆ ಮತ್ತೆ ಸೂಜಿಗೆ ತೋಳು ಕೊಡಲೊಲ್ಲಳು. ತಿಂಗಳಿಗೊಮ್ಮೆ ಬರುವ ವೈದ್ಯರು ಬಲಗಣ್ಣಿನ ಪಟ ನೋಡಿ, "ಏನೂ ಇಲ್ಲ, ವರ್ಷ ಬಿಟ್ಟು ಬರ್ರಿ" ಎಂದು ಕಳುಹಿಸಿದರು.

ತಿಂಗಳ ಮೇಲೆ ಆಸ್ಪತ್ರೆ ಆ ಪಟದ ಇನ್ನೊಂದು ಪ್ರತಿ ಕೇಳಿತು. ಮೊದಲಿನ ಚಿತ್ರದ ಫಿಲ್ಮಿಗೆ ಗೀರು ಬಿದ್ದಿದ್ದರಿಂದ ಚನ್ನಮಲ್ಲಮ್ಮ ಅಂದೇ ತೆಗೆದಿದ್ದ ಅದೇ ಕಣ್ಣಿನ ಎರಡನೆಯ ಚಿತ್ರವನ್ನು ಅಚ್ಚು ಹಾಕಿದಳು. ನಾಳವೊಂದು ಕವಲೊಡೆಯುವಲ್ಲಿ ಏಳು ಕಪ್ಪು ಚುಕ್ಕೆಗಳು ಮೂಡಿದವು. ಹಿಂದಿನ ಪಟದಲ್ಲಿಯೂ ಅದೇ ಕವಲಿನ ಬಳಿ ಏಳನ್ನೇ ಅವಳು ಕೆರೆದಿದ್ದಳು! ಫಿಲ್ಮಿನ ತೂತು ಎರಡು ಸಲ ಒಂದೇ ಜಾಗದಲ್ಲಿ ಬೀಳುವುದಿಲ್ಲ. ಚುಕ್ಕೆಗಳು ಫಿಲ್ಮಿನವಲ್ಲ, ಕಣ್ಣಿನವು.

ಅಯ್ಯಪ್ಪ ಕೇಳಿ ಬೆವರಿದ. "ಬಾಯಿ ಮುಚ್ಕೊಂಡಿರು ಬೇ. ಇದನ್ನೂ ಕೆರೆದು ಕೊಟ್ಟುಬಿಡು. ಮದುವಿ ಫೋಟೋದಾಗ ಕಲಿ ತೆಗೆದಾಗ ಯಾರರ ಕೇಳ್ಯಾರೇನು?"

"ಕಲಿ ತೆಗೆದ್ರ ಮದುಮಗ ಕುರುಡ ಆಗಂಗಿಲ್ಲರೀ."

"ಹೇಳಿದಿ ಅಂದ್ರ ನಾಳಿಂದ ಇಲ್ಲಿ ಬರಬ್ಯಾಡ."

"ಇವತ್ತೇ ಹೊಂಟೆ. ಬ್ಲೇಡು ಮೇಜಿನ ಮ್ಯಾಲದ, ನೋಡಿ ಕೈ ಇಡ್ರಿ."

ವೈದ್ಯರು ಬಂದ ದಿನವೇ ಅದು. ಆಸ್ಪತ್ರೆಯ ಬಾಗಿಲಲ್ಲಿ ಗುಮಾಸ್ತ ಯಂಕೋಬ ತಡೆದ. "ಚೀಟಿ ಇಲ್ಲದ ಒಳಗ ಬಿಡಂಗಿಲ್ಲವ್ವಾ."

"ರೋಗಕ್ಕ ಚೀಟಿ ಕೊಡ್ತೀರಿ. ನಾ ತಪ್ಪು ಒಪ್ಪಾಕ ಬಂದೀನಿ. ಅದಕ್ಕ ಚೀಟಿ ಯಾವ ಕಿಟಕ್ಯಾಗ ಕೊಡ್ತೀರಿ?" ಎನ್ನುತ್ತ ಅವನ ತೋಳಿನಡಿ ನುಗ್ಗಿ, ಕೆರೆಯದ ಪಟವನ್ನು ವೈದ್ಯರ ಮುಂದಿಟ್ಟು, ಹಿಂದಿನದರ ಚುಕ್ಕೆಗಳನ್ನು ಕೆರೆದವಳು ತಾನೇ ಎಂದಳು.

ವೈದ್ಯರ ಮುಖ ಕಪ್ಪಿಟ್ಟಿತು. ನಾಳಗಳು ಉಬ್ಬಿ ರಕ್ತ ಸೋರತೊಡಗಿದೆ. ತಡವಾದರೆ ಉಳಿದ ಕಣ್ಣೂ ಹೋಗುತ್ತದೆ ಎಂದರು. "ನಿಮ್ಮಂಥವರ ಕೈಗೆ ಪಟ ಕೊಟ್ಟದ್ದೇ ತಪ್ಪಾಯಿತು!"

"ಬೈಗುಳ ಆಮ್ಯಾಲೆ ಪೂರಾ ತಗೋತೀನ್ರಿ. ಮೊದಲು ಆ ಯವ್ವನ್ನ ಕರಸ್ರಿ."

"ಕಾಗದ ಬರೆಯುತ್ತೇನೆ."

"ಕಾಗದ ನಾಕು ದಿನ, ಬಸ್ಸು ಒಂದೇ ಹೊತ್ತು" ಎಂದು ಆ ಮಧ್ಯಾಹ್ನವೇ ದೇವದುರ್ಗದ ಬಸ್ಸು ಹತ್ತಿದಳು.

ದಾವಲ್ ಬೀ ಎಲ್ಲವನ್ನೂ ಕೇಳಿ, ಹೊಲಿಗೆ ಯಂತ್ರದ ಗಾಲಿಯನ್ನು ಕೈಯಿಂದ ತಡೆದು ನಿಲ್ಲಿಸಿದಳು. "ಯಾರಿಗೂ ಕಾಣದ ಕಣ್ಣಿನ ಒಳಮೈ ಚಂದ ಮಾಡಿದೆಲ್ಲೇ ಹುಚ್ಚಿ! ಮಾರಿ ಚಂದ ಮಾಡಿದ್ರ ಇನ್ನೊಂದು ನಿಕಾಹ್ ಆದ್ರೂ ಆಗ್ತಿತ್ತು" ಎಂದು ಬುರ್ಖಾ ಎತ್ತಿಕೊಂಡಳು.

ಹೈದರಾಬಾದಿನಲ್ಲಿ ಬೆಳಕಿನ ಕಿರಣದಿಂದ ಸೋರುವ ನಾಳಗಳನ್ನು ಸುಟ್ಟು ಮುಚ್ಚಿದರು. ಆ ಕಣ್ಣು ಉಳಿಯಿತು. ಇಂದಿಗೂ ಸೂಜಿಗೆ ದಾರ ಪೋಣಿಸುತ್ತದೆ. ಚನ್ನಮಲ್ಲಮ್ಮನನ್ನು ಅಯ್ಯಪ್ಪ ಮರಳಿ ಕರೆಯಲಿಲ್ಲ, ಆಕೆಯೂ ಕೇಳಲಿಲ್ಲ. ಎಂಟು ತಿಂಗಳು ಸಸಿ ನಾಟಿ ಮಾಡಿ ದುಡಿದು, ಬೇರೊಂದು ಸ್ಟುಡಿಯೋ ಸೇರುವಾಗ ಹಾಕಿದ ಕರಾರು ಒಂದೇ: ಕಣ್ಣಿನ ಪಟಕ್ಕೆ ತಾನೂ ಬ್ಲೇಡು ಮುಟ್ಟಿಸಳು, ಮತ್ತೊಬ್ಬರಿಗೂ ಮುಟ್ಟಗೊಡಳು.

ತಪ್ಪನ್ನು ಅಡಗಿಸೆಂದ ಲೋಕಕ್ಕೆ ಎದುರುನಿಂತ ಆ ತಾಯಿಗೆ ಪರಶಿವನು ದೀರ್ಘಾಯುವನ್ನು ಕರುಣಿಸಲಿ. ಈರಯ್ಯನ ಬೆನ್ನಿಗೆ ಬಲವಿರಲಿ, ಹೆಣ್ಣುಮಕ್ಕಳು ಅವ್ವನಂತೆಯೇ ತಲೆಯೆತ್ತಿ ಬಾಳಲಿ, ಆ ಮನೆಯ ಒಲೆ ಎಂದೂ ಆರದಿರಲಿ.