ಚಂದ್ರಿಕೆ ಗಾಡಿ

ಠಕ್. ಅದರ ಹಿಂದೆಯೇ ಸರಪಳಿಯ ಝಣ್. ಆಮೇಲೆ ಅಕ್ಕನ ಗಂಟಲು: "ಕೂತ್ಲು ಕಣೇ."

ಪಿಕಪ್ಪಿನ ಹಿಂದಿನ ಕೊಕ್ಕೆಗೆ ಟ್ರೇಲರಿನ ಮೂತಿ ಸರಿಯಾಗಿ ಸಿಕ್ಕಿಕೊಂಡಾಗ ಕೇಳುತ್ತಿದ್ದ ಸದ್ದು ಅದು. ನಾನು ಡ್ರೈವರ್ ಸೀಟಿನಲ್ಲಿ ಕುತ್ತಿಗೆ ತಿರುಗಿಸಿಕೊಂಡು ಕಾಯುತ್ತಿದ್ದೆ. ಅಕ್ಕ ಅಂದರೆ ನನ್ನ ಭಾವನವರ ಹೆಂಡತಿ; ನಾನು ಸೊಸೆಯಾಗಿ ಜಂಗಮಕೋಟೆಗೆ ಬಂದ ದಿನದಿಂದ ಹಾಗೇ ಕರೆದು ರೂಢಿ. ಅವರ ಪಾಲಿಗೆ ಟ್ರೇಲರ್ ಮದುಮಗಳು. ಹಸೆಮಣೆಯ ಮೇಲೆ ಕೂರಿಸಿದಷ್ಟೇ ಜೋಪಾನವಾಗಿ ಕೊಕ್ಕೆಗೆ ಕೂರಿಸಿ, ಪಿನ್ನು ಚುಚ್ಚಿ, ಸರಪಳಿ ಹಾಕಿ, ಗಾಡಿಯ ಪಕ್ಕೆಗೆ ಅಂಗೈಯಲ್ಲಿ ಬಡಿಯುತ್ತಿದ್ದರು. ಅದು ನನಗೆ ಗ್ರೀನ್ ಸಿಗ್ನಲ್.

ನಮ್ಮದು ಚಂದ್ರಿಕೆ ಬಾಡಿಗೆಗೆ ಕೊಡುವ ಮನೆ. ರೇಷ್ಮೆ ಹುಳು ಸೊಪ್ಪು ತಿಂದು ತಿಂದು, ಕೊನೆಗೊಂದು ದಿನ ತಿನ್ನುವುದು ಬಿಟ್ಟು ತಲೆ ಎತ್ತುತ್ತದೆ. ಮೈ ಕಳಿತ ದ್ರಾಕ್ಷಿಯ ಹಾಗೆ ಪಾರದರ್ಶಕವಾಗುತ್ತದೆ. ನಮ್ಮ ಕಡೆ ಅದಕ್ಕೆ ಹುಳ ಹಣ್ಣಾಯಿತು ಎನ್ನುತ್ತಾರೆ. ಹಣ್ಣಾದ ಹುಳುವನ್ನು ಆರಿಸಿ, ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ ಹೊಲಿದ ಆಳೆತ್ತರದ ತಟ್ಟಿಯ ಮೇಲೆ ಬಿಡಬೇಕು. ಅದೇ ಚಂದ್ರಿಕೆ. ಅದರ ಸುರುಳಿಯೊಳಗೆ ಕೂತು ಹುಳು ಗೂಡು ಕಟ್ಟುತ್ತದೆ. ಬೆಳೆಗೊಮ್ಮೆ ಮಾತ್ರ ಬೇಕಾಗುವ ಸಾಮಾನು, ಇಡಲು ಜಾಗ ಬಹಳ ಬೇಕು. ಹಾಗಾಗಿ ಎಷ್ಟೋ ಮನೆಯವರು ಸ್ವಂತಕ್ಕೆ ಇಟ್ಟುಕೊಳ್ಳುವುದಿಲ್ಲ, ಬಾಡಿಗೆಗೆ ತರಿಸುತ್ತಾರೆ. ಹುಳುವಿಗೆ ಮಾತ್ರ ಕಾಯುವ ವ್ಯವಧಾನವಿಲ್ಲ. ಆ ಹೊತ್ತಿಗೆ ಚಂದ್ರಿಕೆ ಬಾರದಿದ್ದರೆ ಗೋಡೆ, ಮೂಲೆ, ಸೊಪ್ಪಿನ ಕಡ್ಡಿ ಎಂದು ಸಿಕ್ಕಲ್ಲಿ ನೂಲು ಚೆಲ್ಲಿ ಬೆಳೆಯನ್ನೇ ಹಾಳುಮಾಡುತ್ತದೆ.

ಕೆಂಚಾರ್ಲಹಳ್ಳಿಯ ಒಂದು ಮನೆಯಲ್ಲಿ ಆದದ್ದು ಅದೇ. ಆಗ ನಾವು ಚಂದ್ರಿಕೆ ಸಾಗಿಸಲು ನೆಂಟರೊಬ್ಬರ ಟೆಂಪೊ ನಂಬಿಕೊಂಡಿದ್ದೆವು. ಆ ದಿನ ಅವರು ಟೆಂಪೊವನ್ನು ಮದುವೆ ದಿಬ್ಬಣಕ್ಕೆ ಕೊಟ್ಟುಬಿಟ್ಟಿದ್ದರು. ನಮ್ಮ ಚಂದ್ರಿಕೆ ಮಾರನೆಯ ದಿನ ತಲುಪಿತು. ಆ ಮನೆಯಾಕೆ ಬಾಗಿಲಲ್ಲೇ ನಿಂತು ಅಕ್ಕನಿಗೆ, "ಇನ್ ಮೇಲೆ ನಿಮ್ಮ ಚಂದ್ರಿಕೆ ನಮ್ಮನೆ ಹೊಸ್ಲು ತುಳಿಯೋದು ಬೇಡಮ್ಮ" ಅಂದಳು. ಕೂಗಾಡಲಿಲ್ಲ, ಅದೇ ಹೆಚ್ಚು ನೋವಾದದ್ದು. ಮನೆಗೆ ಹಿಂದಿರುಗಿ ಕಾಲು ತೊಳೆದುಕೊಳ್ಳುತ್ತಾ ಅಕ್ಕ, "ಆ ಮನೆಗೆ ಇನ್ನೊಂದ್ ಸಲ ಚಂದ್ರಿಕೆ ಇಳ್ಸೇ ಇಳಿಸ್ತೀನಿ. ಹೊತ್ತಿಗೆ ಸರಿಯಾಗಿ. ನಂದೇ ಗಾಡೀಲಿ" ಅಂದರು.

"ಗಾಡಿ ಓಡಿಸೋರು ಯಾರಕ್ಕ?"

"ನೀನಿದ್ದೀಯಲ್ಲ ಕಾನ್ವೆಂಟಮ್ಮ. ನಿಮ್ಮಪ್ಪನ ಜೀಪು ಓಡಿಸ್ತಿದ್ದೆ ಅಂತ ಬಂದ ವರ್ಷದಿಂದ ಕೊಚ್ಕೊತಿದ್ದೀಯ."

ಇಬ್ಬರಿಗೂ ತಲೆ ನರೆತಿತ್ತು, ಗಂಡಂದಿರು ತೀರಿಕೊಂಡಿದ್ದರು, ಬೇಡ ಎನ್ನುವವರೂ ಇರಲಿಲ್ಲ. ಚಿಕ್ಕಬಳ್ಳಾಪುರದ ಶೋರೂಮಿಗೆ ಹೋಗುವ ದಿನ ಅಕ್ಕ ಒಂದು ಚಂದ್ರಿಕೆಯನ್ನು ಆಟೋದ ತಲೆಯ ಮೇಲೆ ಕಟ್ಟಿಸಿಕೊಂಡು ಬಂದರು. ನನಗೆ ನಾಚಿಕೆ. ಗಾಜಿನ ಬಾಗಿಲು, ಒಳಗೆ ಎಸಿ, ಟೈ ಕಟ್ಟಿದ ಹುಡುಗ "ವೆಲ್ಕಮ್ ಮೇಡಮ್" ಅನ್ನುತ್ತಾನೆ; ನನ್ನ ಹಿಂದೆ ಆಳೆತ್ತರದ ಬಿದಿರಿನ ತಟ್ಟಿ ನಡೆದು ಬರುತ್ತಿದೆ. ಅಕ್ಕ ಅದನ್ನು ಒಂದೊಂದು ಪಿಕಪ್ಪಿನ ತೊಟ್ಟಿಯಲ್ಲೂ ಮಲಗಿಸಿ, ನಿಲ್ಲಿಸಿ ನೋಡುತ್ತಾ ಹೋದರು, ಮಗುವಿಗೆ ಅಂಗಿ ಅಳತೆ ನೋಡಿದ ಹಾಗೆ.

"ಇದಕ್ಕೆ ಚಿಕ್ಕ ಗಾಡೀನೇ ಸಾಕು ಮೇಡಮ್, ಏನ್ ತೂಕ ಇದೆ?" ಎಂದ ಹುಡುಗ.

ತೂಕದ ಪ್ರಶ್ನೆಯಲ್ಲ, ಎಳೆಯುವ ಪ್ರಶ್ನೆ ಎಂದು ನಾನು ವಿವರಿಸಿದೆ. ಒಂದು ಮನೆಗೆ ಬೇಕಾಗುವಷ್ಟು ಚಂದ್ರಿಕೆ ಒಂದು ಗಾಡಿಯಲ್ಲಿ ಹಿಡಿಯುವುದಿಲ್ಲ. ಟೆಂಪೊ ಎರಡು ಸಲ ಓಡಾಡಬೇಕಿತ್ತು, ಹೊತ್ತು ಮೀರುತ್ತಿದ್ದದ್ದೇ ಅಲ್ಲಿ. ನಮಗೆ ಹಿಂದೊಂದು ಟ್ರೇಲರ್ ಕಟ್ಟಿಕೊಂಡು ಏರು ಹತ್ತಬಲ್ಲ ಗಾಡಿ ಬೇಕಿತ್ತು. ವಾಪಸು ಬರುವಾಗ ಹಿಪ್ಪುನೇರಳೆ ಸೊಪ್ಪು, ಹಸುವಿನ ಬೂಸಾ ಮೂಟೆ ಹೇರಬೇಕಿತ್ತು. ಬ್ರೋಶರನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಪುಲಿಂಗ್ ಪವರ್ ಎಷ್ಟು, ಹಿಂದಿನ ಸ್ಪ್ರಿಂಗ್ ಪಟ್ಟಾಗಳು ಎಷ್ಟು ದಪ್ಪ, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಟರೆ ಹಿಂದಕ್ಕೆ ಜಾರುತ್ತದೆಯೇ ಎಂದು ಕೇಳಿದೆ. ಕೊನೆಯದಕ್ಕೆ ಹುಡುಗ ತಲೆ ಕೆರೆದುಕೊಂಡ. ಅಕ್ಕನೇ ದಾರಿ ಹುಡುಕಿದರು. ಶೋರೂಮಿನ ಹಿಂಭಾಗದಲ್ಲಿ ಸಿಮೆಂಟಿನ ಇಳಿಜಾರಿತ್ತು. "ತೂಕ ಬೇಕಲ್ಲಪ್ಪ, ನೀವೇ ಹತ್ತಿ" ಎಂದು ಆ ಹುಡುಗನನ್ನೂ, ಮೆಕ್ಯಾನಿಕ್‌ಗಳನ್ನೂ, ಟೀ ತಂದವನನ್ನೂ ದೊಡ್ಡ ಪಿಕಪ್ಪಿನ ತೊಟ್ಟಿಗೆ ಹತ್ತಿಸಿದರು. ನಾನು ಇಳಿಜಾರಿನ ನಡುವೆ ನಿಲ್ಲಿಸಿ ಮತ್ತೆ ಹೊರಟೆ. ಗಾಡಿ ಒಂಚೂರೂ ಜಾರದೆ ಮೇಲಕ್ಕೇರಿತು. ಟೀಯವನ ಫ್ಲಾಸ್ಕೂ ಉರುಳಲಿಲ್ಲ.

"ಇವ್ನೇ ಗಂಡು" ಅಂದರು ಅಕ್ಕ.

ಟ್ರೇಲರನ್ನೂ ಕೊಕ್ಕೆಯನ್ನೂ ಮಾಡಿಸಿದ್ದು ಚಿಂತಾಮಣಿಯ ವೆಲ್ಡಿಂಗ್ ಶೆಡ್ಡಿನಲ್ಲಿ. ಕೊಕ್ಕೆಯನ್ನು ಬಂಪರಿಗೆ ಬೆಸೆಯಬಾರದು, ಚಾಸಿಗೇ ಬೋಲ್ಟು ಹಾಕಬೇಕು ಎಂದು ನಾನು ಹಟ ಹಿಡಿದೆ. ಕೊಕ್ಕೆ ಕಳಚಿದರೂ ಟ್ರೇಲರ್ ಓಡಿಹೋಗದಿರಲಿ ಎಂದು ಸರಪಳಿ, ಹಿಂದೆ ಲೈಟು, ಅಗಲಕ್ಕೆ ತಕ್ಕಂತೆ ಉದ್ದ ಕೈಯ ಕನ್ನಡಿ. ಕಾಗದಪತ್ರ ಎಲ್ಲ ಮಾಡಿಸಿದ್ದಾಯಿತು. ಚಂದ್ರಿಕೆ ಇಡುವ ಚೌಕಟ್ಟಿನ ಐಡಿಯಾ ಮಾತ್ರ ನನ್ನ ಸ್ಕೂಲಿನದು. ಎಲ್ಲರೂ ಚಂದ್ರಿಕೆಯನ್ನು ಒಂದರ ಮೇಲೊಂದು ಪೇರಿಸಿ ಹಗ್ಗ ಬಿಗಿಯುತ್ತಾರೆ, ಕೆಳಗಿನದರ ಸುರುಳಿ ಮುರಿಯುತ್ತದೆ. ನಮ್ಮ ಲೈಬ್ರರಿ ಸಿಸ್ಟರ್ ಪುಸ್ತಕ ಮಲಗಿಸಿಟ್ಟರೆ ಸಿಡುಕುತ್ತಿದ್ದರು, "ಬುಕ್ಸ್ ಮಸ್ಟ್ ಬ್ರೀದ್, ಗರ್ಲ್ಸ್" ಎಂದು. ಶೆಲ್ಫಿನ ಪುಸ್ತಕದ ಹಾಗೆ ಒಂದೊಂದನ್ನೂ ನೆಟ್ಟಗೆ ನಿಲ್ಲಿಸುವ ಪೈಪಿನ ಚೌಕಟ್ಟು ಗಾಡಿಗೊಂದು, ಟ್ರೇಲರಿಗೊಂದು ಮಾಡಿಸಿದೆ.

ತಪ್ಪಾದದ್ದು ಅದರಲ್ಲೇ, ಮತ್ತು ಅದು ಇಬ್ಬರದೂ. ಅಂಗಳದಲ್ಲಿ ಚಂದ್ರಿಕೆ ನಿಲ್ಲಿಸುವಾಗ ಅದರ ಮುಖ ಬೆಳಕಿನ ಕಡೆಗೆ ಇರಬೇಕು ಎಂಬುದು ನಮ್ಮ ಕೈಗೆ ಅಂಟಿದ ಅಭ್ಯಾಸ. ಯೋಚಿಸದೆ ಚೌಕಟ್ಟನ್ನೂ ಹಾಗೆಯೇ ಕೂರಿಸಿದ್ದೆವು, ಚಂದ್ರಿಕೆಗಳೆಲ್ಲ ಮುಂದಕ್ಕೆ ಮುಖ ಮಾಡಿ, ಕ್ಲಾಸ್ ಫೋಟೊಗೆ ನಿಂತ ಮಕ್ಕಳ ಹಾಗೆ. ಮೊದಲ ಸವಾರಿಯಲ್ಲಿ ಶಿಡ್ಲಘಟ್ಟ ದಾಟಿ ನೇರ ರಸ್ತೆಗೆ ಬಂದದ್ದೇ ತಡ, ಗಾಳಿಯೆಲ್ಲ ಅವುಗಳ ಎದೆಗೆ ಬಡಿಯಿತು. ಗಂಡು ಎನಿಸಿಕೊಂಡ ಗಾಡಿ ಏದುಸಿರು ಬಿಟ್ಟಿತು. ಟ್ರೇಲರಿನಿಂದ ಚಂದ್ರಿಕೆಗಳು ಒಂದೊಂದಾಗಿ ಎದ್ದು ಪಕ್ಕದ ಟೊಮೆಟೊ ತೋಟಕ್ಕೆ ಹಾರಿದವು. ನಾವು ಸೀರೆ ಎತ್ತಿ ಕಟ್ಟಿ ಆರಿಸಿಕೊಳ್ಳುತ್ತಿರುವಾಗಲೇ ಟೆಂಪೊ ನೆಂಟರು ಬಂದು ನಿಲ್ಲಿಸಿದರು.

"ಏನಮ್ಮ, ಗಾಳಿಪಟ ಹಾರಿಸ್ತಿದ್ದೀರಾ ಅತ್ತಿಗೆ ನಾದಿನಿ?"

"ನಾದಿನಿ ಅಲ್ಲಪ್ಪ, ಓರಗಿತ್ತಿ" ಅಂದರು ಅಕ್ಕ, ಗಿಡದಿಂದ ಚಂದ್ರಿಕೆ ಬಿಡಿಸಿಕೊಳ್ಳುತ್ತಾ. "ಸಂಬಂಧಾನೂ ಮರ್ತಿದ್ದೀಯ, ಬಾಡಿಗೆ ಒಪ್ಕೊಂಡಿದ್ದೂ ಮರ್ತಿದ್ದೆ."

ಮರುದಿನವೇ ಚೌಕಟ್ಟನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿದೆವು. ಈಗ ಗಾಳಿ ಪುಸ್ತಕಗಳ ನಡುವೆ ಬೆರಳು ಆಡಿಸಿದಂತೆ ಹಾದು ಹಿಂದಕ್ಕೆ ಹೋಗುತ್ತಿತ್ತು. ಆಮೇಲೆ ಒಣಗಿದ ಕೆರೆಯಂಗಳದಲ್ಲಿ ರಿವರ್ಸ್ ಕಲಿಯುವುದು. ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು. ನನ್ನ ಬುದ್ಧಿಗೆ ಅದು ತಿಳಿಯುತ್ತಿತ್ತು, ಕೈಗೆ ತಿಳಿಯುತ್ತಿರಲಿಲ್ಲ. ಅಕ್ಕ ಹಿಂದೆ ನಿಂತು ತವರಿನ ತೆಲುಗಿನಲ್ಲಿ "ಇಂಕಾ, ಇಂಕಾ, ಆಪೇ" ಎಂದು ಕೂಗುತ್ತಿದ್ದರು; ಇನ್ನೂ, ಇನ್ನೂ, ನಿಲ್ಸೇ ಅಂತ. ಎಷ್ಟು ಸಲ ಟ್ರೇಲರ್ ಮಡಚಿಕೊಂಡು ಗಾಡಿಯ ಪಕ್ಕೆಗೆ ಮುಖ ತಿರುಗಿಸಿತೋ. "ಹೊಸ ಸೊಸೆ, ಮುನಿಸ್ಕೊಂಡ್ಲು. ಸ್ವಲ್ಪ ಮುಂದಕ್ ಹೋಗಿ ಸಮಾಧಾನ ಮಾಡ್ಕೊಂಡ್ ಬಾ" ಅನ್ನುತ್ತಿದ್ದರು.

ಕೆಂಚಾರ್ಲಹಳ್ಳಿಯಿಂದ ಫೋನು ಬಂದದ್ದು ಬೇಸಿಗೆಯ ಒಂದು ಬೆಳಿಗ್ಗೆ. ಸೆಕೆ ಏರಿ ಸುತ್ತಮುತ್ತಲ ಮನೆಗಳಲ್ಲಿ ಹುಳುಗಳೆಲ್ಲ ಒಟ್ಟಿಗೇ ಹಣ್ಣಾಗುತ್ತಿದ್ದವು, ಯಾರಲ್ಲೂ ಚಂದ್ರಿಕೆ ಉಳಿದಿರಲಿಲ್ಲ. ಆ ಮನೆಯಾಕೆ ಎಲ್ಲೆಲ್ಲೋ ಕೇಳಿ ಕೊನೆಗೆ ನಮಗೆ ಮಾಡಿದ್ದಳು. ಅಕ್ಕ ಸ್ಪೀಕರ್ ಹಾಕಿದರು.

"ಸಂಜೆ ಒಳ್ಗೆ ಹುಳ ಎಲ್ಲ ಹಣ್ಣಾಗೋಗ್ತವೆ ಅಮ್ಮ. ನಿಮ್ಮತ್ರ ಇದ್ಯಾ?"

ನಮ್ಮ ಚಂದ್ರಿಕೆಯೆಲ್ಲ ಗೌರಿಬಿದನೂರಿನ ಕಡೆ ಒಂದು ಮನೆಯಲ್ಲಿತ್ತು. ಗೂಡು ಬಿಡಿಸುವುದು ಅವತ್ತೇ ಮುಗಿಯಬೇಕಿತ್ತು. ಜಿಲ್ಲೆಯ ಆ ತುದಿಯಿಂದ ಈ ತುದಿಗೆ. ನಾನು ಕೈಯಾಡಿಸಿ ಆಗುವುದಿಲ್ಲ ಎಂದೆ. ಅಕ್ಕ ನನ್ನ ಕಡೆ ನೋಡದೆ, "ಇದೆ. ಹೊತ್ ಮುಳುಗೋಕ್ ಮುಂಚೆ ಬರ್ತೀವಿ" ಎಂದು ಫೋನಿಟ್ಟರು.

ಗೌರಿಬಿದನೂರಿನವರು ಕೈ ಜೋಡಿಸಿದರು. ಬಿದಿರಿಗೆ ಅಂಟಿದ ಜಿಬುರನ್ನು, ಅಂದರೆ ಗೂಡಿನ ಪುಡಿ ನೂಲನ್ನು ಸುಟ್ಟು, ಔಷಧಿ ನೀರು ಸಿಂಪಡಿಸುವಷ್ಟರಲ್ಲಿ ಬಿಸಿಲು ನೆತ್ತಿ ದಾಟಿತ್ತು. ಔಷಧಿ ಹೊಡೆದ ಚಂದ್ರಿಕೆಯನ್ನು ಒಣಗಿಸದೆ ಹುಳು ಬಿಡುವಂತಿಲ್ಲ. ಒಣಗಿಸುತ್ತ ಕೂತರೆ ಹೊತ್ತು ಸಾಲದು.

"ಹಸೀದೇ ಹೇರೋಣ ಅಕ್ಕ" ಅಂದೆ. "ನಮ್ಗೆ ಅವಮಾನ ಮಾಡಿದ ಗಾಳಿ ಇದ್ಯಲ್ಲ, ಅದೇ ಒಣಗಿಸ್ಲಿ."

ಠಕ್, ಝಣ್, ಕೂತ್ಲು. ಚಿಕ್ಕಬಳ್ಳಾಪುರದ ಏರಿನಲ್ಲಿ ಲಾರಿಗಳ ಹಿಂದೆ ನಿಂತು ನಿಂತು ಹೊರಟರೂ ಗಾಡಿ ಒಂದು ಗೇಣೂ ಹಿಂದಕ್ಕೆ ಜಾರಲಿಲ್ಲ. ಶಿಡ್ಲಘಟ್ಟದ ಹೊರಗೆ ಟೆಂಪೊ ನೆಂಟರು ಅರ್ಧ ಹೊರೆ ಚಂದ್ರಿಕೆ ಪೇರಿಸಿಕೊಂಡು ತೆವಳುತ್ತಿದ್ದರು. ಹಾರ್ನ್ ಹೊಡೆಯದೆ, ವೆರಿ ಪೊಲೈಟ್ಲಿ, ಅವರನ್ನು ದಾಟಿದೆ. ಅಕ್ಕ ಕಿಟಕಿಯಿಂದ ಕೈ ಹೊರಗೆ ಚಾಚಿ ಗಾಳಿಪಟದ ದಾರ ಬಿಡುವವರ ಹಾಗೆ ಬೆರಳಾಡಿಸಿದರು. ಚಿಂತಾಮಣಿ ಬಂದಾಗ ಇಳಿದು ಮುಟ್ಟಿ ನೋಡಿದೆವು. ಬಿದಿರು ಬೆಚ್ಚಗೆ, ಗರಿಗರಿಯಾಗಿ ಒಣಗಿತ್ತು.

ಕೆಂಚಾರ್ಲಹಳ್ಳಿಯ ಆ ಮನೆಯ ಓಣಿ ಗಾಡಿ ತಿರುಗಿಸುವಷ್ಟು ಅಗಲವಿಲ್ಲ. ಹಿಂದಕ್ಕೇ ಹೋಗಬೇಕು, ಒಂದು ಕಡೆ ಕಲ್ಲುಗೋಡೆ, ಇನ್ನೊಂದು ಕಡೆ ಚರಂಡಿ. ಊರವರು ಜಗುಲಿಗಳ ಮೇಲೆ ನಿಂತಿದ್ದರು. "ಅಜ್ಜಿ, ಇಳೀರಿ, ನಾವ್ ಹೊತ್ಕೊಂಡ್ ಹೋಗ್ತೀವಿ" ಎಂದರು ಯಾರೋ. ನಾನು ಕನ್ನಡಿ ನೋಡಿದೆ. ಕನ್ನಡಿಯಲ್ಲಿ ಅಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡೂ ಕೈ ಎತ್ತಿ: "ಇಂಕಾ... ಇಂಕಾ... ಎಡಕ್ಕೆ ಕಣೇ... ಇಂಕಾ..." ಈ ಸಲ ನನ್ನ ಕೈಗೂ ತಿಳಿದಿತ್ತು. ಟ್ರೇಲರ್ ನೂಲು ಹಿಡಿದಂತೆ ಹಿಂದೆ ಹೋಗಿ, ಹುಳುವಿನ ಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿತು. "ಆಪೇ" ಅಂದರು ಅಕ್ಕ, ಮೆಲ್ಲಗೆ. ಬಿಸಿಲು ಇನ್ನೂ ಗೋಡೆಯ ಮೇಲಿತ್ತು.

ಮನೆಯಾಕೆ ಬಾಗಿಲಿಗೆ ಬಂದಳು. "ಅಮ್ಮ, ನಾನ್ ಆವತ್ತು..." ಎಂದು ಶುರುಮಾಡಿದಳು.

"ಅದಿರ್ಲಿ, ಮೊದ್ಲು ಹುಳ ಆರ್ಸು" ಎಂದು ಅಕ್ಕ ಚಂದ್ರಿಕೆ ಹಿಡಿದು ಹೊಸಿಲು ದಾಟಿದರು. ಒಳಗೆ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಾ ಜಾಗ ಹುಡುಕುತ್ತಿದ್ದವು. ನಾವೂ ಕೂತು ಆರಿಸಿದೆವು. ದೀಪ ಹಚ್ಚುವ ಹೊತ್ತಿಗೆ ಕೊನೆಯ ಹುಳುವೂ ಚಂದ್ರಿಕೆ ಹತ್ತಿತ್ತು.

ಗೂಡು ಬಿಡಿಸಿದ ದಿನ ಆಕೆ ರೇಷ್ಮೆಗೂಡಿನ ಹಾರವೊಂದನ್ನು ಪೋಣಿಸಿ ತಂದು ಗಾಡಿಯ ಕನ್ನಡಿಗೆ ಕಟ್ಟಿದಳು. ನಿಂಬೆಹಣ್ಣು ಮೆಣಸಿನಕಾಯಿ ಬೇಡ, ಇದೇ ಇರಲಿ ಅಂದರು ಅಕ್ಕ. ಆ ಬೆಳೆಯಾದ ಮೇಲೆ ಆ ಮನೆಗೆ ಬೇರೆಯವರ ಚಂದ್ರಿಕೆ ಹೋದದ್ದಿಲ್ಲ.

ಅಕ್ಕನನ್ನು ನಾನು ಜೀವಂತವಾಗಿ ಕೊನೆಯ ಸಲ ನೋಡಿದ್ದೂ ಕನ್ನಡಿಯಲ್ಲೇ. ಗೌರಿಬಿದನೂರಿಗೆ ಹೊರಟಿದ್ದೆ. ಅವರಿಗೆ ಸ್ವಲ್ಪ ಆಯಾಸ, ಬರುವುದಿಲ್ಲ ಎಂದಿದ್ದರು. ಆದರೂ ಪಿನ್ನು ಚುಚ್ಚಲು ಬೇರೆಯವರನ್ನು ಬಿಡಲಿಲ್ಲ. ಗಾಡಿಯ ಪಕ್ಕೆಗೆ ಅಂಗೈ ಬಡಿದ ಸದ್ದು ಕೇಳಿತು. ಗೇಟು ದಾಟುವಾಗ ಕನ್ನಡಿ ನೋಡಿದೆ. ಗೂಡಿನ ಹಾರದ ಪಕ್ಕದಲ್ಲಿ ಅಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡೂ ಕೈ ಎತ್ತಿ. ನಾನು ಮುಂದಕ್ಕೆ ಹೋಗುತ್ತಿದ್ದೆ, ಅವರು ಮಾತ್ರ ರಿವರ್ಸ್ ಹೇಳಿಕೊಡುವವರ ಹಾಗೇ ನಿಂತಿದ್ದರು. ರಸ್ತೆ ತಿರುಗುವವರೆಗೂ ಕೈ ಇಳಿಸಲಿಲ್ಲ.